ಒಡೆಯನ ಅಂಗಳ, ಒಕ್ಕಲಿನ ಆಟ



ನಮ್ಮ ಇಲವಾಲದ ಜಗಲಿಗಳ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಚೌಕಾಬಾರದ ಮನೆಗಳನ್ನು ಬರೆದು ಆಡುತ್ತಿದ್ದವರಿಗೆ, ಈ ಆಟದ ಒಡೆಯರು ಯಾರು ಎಂಬ ಪ್ರಶ್ನೆ ಎಂದೂ ಹೊಳೆದಿರಲಾರದು. ಮನೆ ಬರೆದವರೇ ಒಡೆಯರು. ಕವಡೆ ಸಿಗದಿದ್ದರೆ ಹುಣಿಸೆಬೀಜವನ್ನು ತೇಯ್ದುಕೊಂಡರೆ ತೀರಿತು. ಐದು ಸಾಲಿನ ಮನೆಯನ್ನು ಏಳು ಸಾಲಿಗೆ ಹಿಗ್ಗಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫದ ಹೊಸ ಹೊಸ ಬಗೆಗಳನ್ನು ಕಲ್ಪಿಸಿ ‘ಶ್ರೀತತ್ತ್ವನಿಧಿ’ಯಲ್ಲಿ ವಿವರಿಸಿದರು. ಅರಸರ ಕಲ್ಪನೆಯೇ ಆದರೂ, ಎಲೆ ಬರೆಯಬಲ್ಲ ಚಿತ್ರಗಾರನೊಬ್ಬನಿದ್ದರೆ ಅದನ್ನು ಯಾವ ಮನೆಯಲ್ಲಾದರೂ ಆಡಬಹುದಾಗಿತ್ತು.

ಇಂದಿನ ವಿಡಿಯೋ ಗೇಮಿನ ಯಂತ್ರದ ಮಾತು ಬೇರೆ. ಕನ್ಸೋಲ್ ಎಂದು ಕರೆಯುವ ಆ ಪೆಟ್ಟಿಗೆ ಒಂದು ಬೀಗ ಹಾಕಿದ ಅಂಗಳ. ಅದನ್ನು ತಯಾರಿಸಿದ ಸಂಸ್ಥೆ ತಾನೂ ಆಟಗಳನ್ನು ಕಟ್ಟುತ್ತದೆ. ಹೊರಗಿನವರೂ ಬಂದು ಕಟ್ಟಲೆಂದು ಕರೆಯುತ್ತದೆ. ಆದರೂ ಹೊರಗಿನವರು ಅಲ್ಲಿ ಏಳಿಗೆ ಹೊಂದುವುದು ಕಷ್ಟವೆಂಬ ದೂರು ಹಳೆಯದು. ಇದರ ಕಾರಣವನ್ನು ವಿಚಾರಿಸಿ ನೋಡುವುದು ಉಚಿತ.

ಅಮೆರಿಕದ ಅಟಾರಿ ಸಂಸ್ಥೆ 1977ರಲ್ಲಿ ಮನೆಯ ಟೆಲಿವಿಷನ್ನಿಗೆ ಜೋಡಿಸುವ ಯಂತ್ರವೊಂದನ್ನು ಮಾರಾಟಕ್ಕೆ ತಂದಿತು. ಅದಕ್ಕೆ ಆಟ ಬರೆಯುತ್ತಿದ್ದ ನಾಲ್ವರು, ತಮಗೆ ಹೆಸರೂ ಇಲ್ಲ, ಲಾಭದಲ್ಲಿ ಪಾಲೂ ಇಲ್ಲವೆಂದು ಬೇಸತ್ತು ಹೊರಬಂದರು. 1979ರಲ್ಲಿ ಅವರಿಂದ ಆಕ್ಟಿವಿಷನ್ ಹುಟ್ಟಿತು. ಯಂತ್ರದ ಒಡೆತನವಿಲ್ಲದೆ ಆಟವನ್ನಷ್ಟೇ ಮಾಡುವ ಮೊದಲ ಸಂಸ್ಥೆ ಅದು. ಅಟಾರಿಯ ಅಂಗಳಕ್ಕೆ ಆಗ ಬೇಲಿ ಇರಲಿಲ್ಲ. ಆಕ್ಟಿವಿಷನ್ನಿನ ಹಿಂದೆಯೇ ಬಲ್ಲವರೂ ಬಾರದವರೂ ನುಗ್ಗಿದರು. ಕಳಪೆ ಆಟಗಳು ಅಂಗಡಿಗಳಲ್ಲಿ ರಾಶಿಬಿದ್ದವು. 1983ರಲ್ಲಿ ಅಮೆರಿಕದ ಮಾರುಕಟ್ಟೆಯೇ ಕುಸಿಯಿತು.

ಈ ಪತನದಿಂದ ಪಾಠ ಕಲಿತದ್ದು ಜಪಾನಿನ ನಿಂಟೆಂಡೊ. 1889ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಹೂವಿನ ಎಲೆಗಳನ್ನು ತಯಾರಿಸುತ್ತ ಹುಟ್ಟಿದ ಸಂಸ್ಥೆಯದು. 1985ರಲ್ಲಿ ಅದು ತನ್ನ ಯಂತ್ರವನ್ನು ಅಮೆರಿಕಕ್ಕೆ ಒಯ್ದಾಗ ಅದರೊಳಗೆ ಬೀಗದಂತೆ ಕೆಲಸ ಮಾಡುವ ಬಿಲ್ಲೆಯೊಂದನ್ನು ಇರಿಸಿತು. ಅನುಮತಿ ಪಡೆದ ಆಟಕ್ಕಷ್ಟೇ ಆ ಬೀಗದ ಕೈ ದೊರೆಯುತ್ತಿತ್ತು. ಹೊರಗಿನ ಸಂಸ್ಥೆ ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟ ತರಕೂಡದು. ತಂದ ಆಟವನ್ನು ಎರಡು ವರ್ಷ ಬೇರೆ ಯಂತ್ರಕ್ಕೆ ಕೊಡಕೂಡದು. ಆಟ ತುಂಬುವ ಕಾರ್ಟ್ರಿಜ್‌ಗಳನ್ನು ನಿಂಟೆಂಡೊ ಕೈಯಿಂದಲೇ, ಮುಂಗಡ ಹಣ ತೆತ್ತು ಕೊಳ್ಳಬೇಕು. ಮಾರಾಟವಾಗದೆ ಉಳಿದರೆ ನಷ್ಟ ಆಟ ಕಟ್ಟಿದವನದು. ಕೊನಾಮಿ ಎಂಬ ಸಂಸ್ಥೆ ಐದರ ಮಿತಿಯನ್ನು ದಾಟಲು ಅಲ್ಟ್ರಾ ಎಂಬ ಎರಡನೆಯ ಹೆಸರನ್ನೇ ಇಟ್ಟುಕೊಳ್ಳಬೇಕಾಯಿತು.

ಮಳೆ ಬರಲಿ ಬಿಡಲಿ, ಗೇಣಿ ಅಳೆಯಲೇಬೇಕು ಎಂಬ ಕರಾರು ನಮ್ಮ ಸೀಮೆಗೆ ಹೊಸತೇನಲ್ಲ. 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆಯವರ ಗ್ರಾಮದಾನವನ್ನು ಕುರಿತು ಚರ್ಚಿಸಲು ಪ್ರಧಾನಿ ನೆಹರೂ ಆದಿಯಾಗಿ ನಾಡಿನ ಮುಖಂಡರು ಕಲೆತದ್ದು ಇದೇ ಇಲವಾಲದಲ್ಲಿ. ಇಲ್ಲಿಂದ ಮುಂದೆ ಸಾಗುವ ರಸ್ತೆ ಹುಣಸೂರಿನದು. ಆ ಸೀಮೆಯ ದೇವರಾಜ ಅರಸರ ಆಡಳಿತದಲ್ಲಿ 1974ರ ಭೂಸುಧಾರಣೆ ಜಾರಿಗೆ ಬಂದು, ಉಳುವವನೇ ಹೊಲದೊಡೆಯ ಎಂಬ ಮಾತಿಗೆ ಕಾನೂನಿನ ಬಲ ಒದಗಿತು. ಯಂತ್ರದ ಅಂಗಳದಲ್ಲಿ ಅಂಥ ಕಾನೂನಿಲ್ಲ. ಹಾಗೆಂದು ಒಡೆಯನೆಲ್ಲ ದುಷ್ಟನೆನ್ನುವುದೂ ಸರಿಯಲ್ಲ. ಬೇಲಿಯಿಲ್ಲದ ಹೊಲ 1983ರಲ್ಲಿ ಏನಾಯಿತೆಂಬುದನ್ನು ಈಗ ತಾನೇ ನೋಡಿದೆವು.

ಕರಾರಿನ ಬಿಗಿ ಕಾಲಕ್ರಮದಲ್ಲಿ ಸಡಿಲವಾಯಿತು. ಕಷ್ಟ ಮಾತ್ರ ಹೋಗಲಿಲ್ಲ. 2006ರಲ್ಲಿ ಬಂದ ನಿಂಟೆಂಡೊ ವೀ ಯಂತ್ರ ಹತ್ತು ಕೋಟಿಗೂ ಮೀರಿ ಖರ್ಚಾಯಿತು. ಅಷ್ಟು ಮನೆಗಳಿರುವಲ್ಲಿ ಹೊರಗಿನವರಿಗೆ ಸುಗ್ಗಿಯೇ ಆಗಬೇಕಿತ್ತಲ್ಲವೇ? ಹಲವರಿಗೆ ಹಾಗಾಗಲಿಲ್ಲ. ಮೊದಲನೆಯದಾಗಿ, ಜನ ಆ ಯಂತ್ರವನ್ನು ಕೊಂಡದ್ದೇ ನಿಂಟೆಂಡೊ ಆಟಗಳಿಗಾಗಿ. ಬಹುಪಾಲು ದೇಶಗಳಲ್ಲಿ ಪೆಟ್ಟಿಗೆಯೊಳಗೇ ಆಟವೊಂದು ಇದ್ದು, ಅಷ್ಟಕ್ಕೇ ತೃಪ್ತರಾದವರೂ ಉಂಟು. ಎರಡನೆಯದಾಗಿ, ಕೈಯಾಡಿಸಿ ಆಡುವ ಆ ಯಂತ್ರದ ರೀತಿಯೇ ಬೇರೆ, ಶಕ್ತಿಯೂ ಕಡಿಮೆ. ಸಮಕಾಲೀನವಾದ ಇತರ ಯಂತ್ರಗಳಿಗೆ ಕಟ್ಟಿದ ಆಟವನ್ನು ಇಲ್ಲಿಗೆ ತರುವುದೆಂದರೆ ಮಹಾಕಾವ್ಯವನ್ನು ಚುಟುಕಕ್ಕೆ ಇಳಿಸಿದಂತೆ. ಮೂರನೆಯದಾಗಿ, ಯಂತ್ರದ ಗುಟ್ಟು ಒಡೆಯನ ಮನೆಯವರಿಗೆ ಮೊದಲು ತಿಳಿಯುತ್ತದೆ. ಉಳಿದವರು ಕಲಿಯುವ ಹೊತ್ತಿಗೆ ಅವನ ಬೆಳೆ ಕಣಕ್ಕೆ ಬಂದಿರುತ್ತದೆ.

ಒಕ್ಕಲು ಬಿಟ್ಟು ಹೋದರೆ ಒಡೆಯನಿಗೂ ಕೇಡು. 1996ರ ಯಂತ್ರದಲ್ಲಿ ನಿಂಟೆಂಡೊ ದುಬಾರಿಯಾದ, ಕಡಿಮೆ ಹಿಡಿಯುವ ಕಾರ್ಟ್ರಿಜ್‌ಗೇ ಅಂಟಿಕೊಂಡಿತು. ಅದರ ಹಳೆಯ ಜೊತೆಗಾರ ಸ್ಕ್ವೇರ್ ಸಂಸ್ಥೆ 1997ರಲ್ಲಿ ‘ಫೈನಲ್ ಫ್ಯಾಂಟಸಿ’ಯ ಏಳನೆಯ ಆಟವನ್ನು ಸೋನಿಯ ಪ್ಲೇಸ್ಟೇಷನ್ನಿಗೆ ಮೂರು ಸಿ.ಡಿ.ಗಳಲ್ಲಿ ಕೊಟ್ಟಿತು. 2012ರ ವೀ ಯು ಯಂತ್ರವನ್ನು ಹೊರಗಿನ ದೊಡ್ಡ ಸಂಸ್ಥೆಗಳು ಬೇಗ ಕೈಬಿಟ್ಟವು. ಅದು ಒಂದೂವರೆ ಕೋಟಿಯನ್ನೂ ಮುಟ್ಟಲಿಲ್ಲ.

ಇದೆಲ್ಲ ದೂರದೇಶದ ವ್ಯವಹಾರ, ನಮಗೇಕೆ ಎನ್ನುವಂತಿಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್, ಹೊರದೇಶದ ಆಟಗಳಿಗೆ ಬೇಕಾದ ಚಿತ್ರಕಲೆಯನ್ನು ಒದಗಿಸಿ ಹೆಸರಾಯಿತು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆ ಕೊಂಡಿತು. ನಮ್ಮವರ ಕೈಚಳಕಕ್ಕೆ ಕೊರತೆಯಿಲ್ಲ. ಕಥೆ ಮಾತ್ರ ಅನ್ಯರದು. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಚಿಕ್ಕ ತಂಡ, ತಮ್ಮನನ್ನು ಅರಸಿ ಹೊರಟ ಹುಡುಗಿಯ ಕಥೆಯಾದ ‘ರಾಜಿ’ಯನ್ನು 2020ರಲ್ಲಿ ನಿಂಟೆಂಡೊ ಸ್ವಿಚ್‌ನಲ್ಲಿ ಮೊದಲು ಹೊರತಂದಿತು. ಒಡೆಯನ ಹೊಲದಲ್ಲಿ ಒಡೆಯ ಬೆಳೆಯದ ಪೈರನ್ನು ಬೆಳೆದುದೇ ಅದರ ವಿಶೇಷ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗ ಕೆಲಸ ಬಿಟ್ಟು, ಇಬ್ಬರು ಗೆಳೆಯರೊಡನೆ ಕನ್ನಡದಲ್ಲಿ ಆಟವೊಂದನ್ನು ಕಟ್ಟುತ್ತಿದ್ದಾನೆ. ತಂದೆಗೆ ಇದು ಹಿಡಿಸಿಲ್ಲ. “ಸಾರ್, ಕನ್ಸೋಲಿಗೆ ಕೊಡಬಹುದೇ? ನೀವಾದರೂ ಅಪ್ಪನಿಗೆ ಒಂದು ಮಾತು ಹೇಳಿ” ಎಂದು ಅವನು ಈಚೆಗೆ ಕೇಳಿದ. ತಂತ್ರ ನನಗೆ ತಿಳಿಯದು. ಕರಾರಿನ ಭಾಷೆಯನ್ನು ಓದಬಲ್ಲೆ. ಅವನಿಗೆ ಇಷ್ಟು ಹೇಳಿದೆ: ಕೊಡು, ಆದರೆ ನಿನ್ನ ಗೇಣಿ ಎಷ್ಟೆಂದು ಮೊದಲು ತಿಳಿದುಕೋ. ಒಡೆಯ ಬೆಳೆಯುವುದನ್ನೇ ನೀನೂ ಬಿತ್ತಬೇಡ. ಆ ಒಂದೇ ಹೊಲವನ್ನು ನೆಚ್ಚಿ ಮನೆಯ ಕಣಜವನ್ನು ಬರಿದುಮಾಡಬೇಡ. ಬಿತ್ತನೆಯ ಬೀಜ, ಎಂದರೆ ಆಟದ ಹಕ್ಕು ಮತ್ತು ಅದರ ಭಾಷೆ, ನಿನ್ನ ಮನೆಯಲ್ಲೇ ಇರಲಿ. ಅವನ ತಂದೆಗೂ ಇದನ್ನೇ ಹೇಳಿದ್ದೇನೆ. ಒಂದು ವರ್ಷದ ಗಡುವು ಸಿಕ್ಕಿದೆ.