ಹಳೆಯ ಯಂತ್ರಕ್ಕೊಬ್ಬ ದುಭಾಷಿ

ಕೊಡಗಿನ ಮಳೆಗಾಲದ ತೇವವನ್ನು ತಾಳಿದ ಹಳೆಯ ಗಣಕಯಂತ್ರವೂ ಒಮ್ಮೊಮ್ಮೆ ದುಭಾಷಿಯಿಲ್ಲದೆ ಗುಜರಿಗೆ ಸಲ್ಲುವುದುಂಟು. ಗಣಕದ ಆದೇಶವನ್ನು ಚಿತ್ರ ಮೂಡಿಸುವ ಕಾರ್ಡಿಗೆ ತಿಳಿಯುವಂತೆ ಹೇಳುವ ಆ ದುಭಾಷಿಗೆ ಗ್ರಾಫಿಕ್ಸ್ ಡ್ರೈವರ್ ಎಂದು ಹೆಸರು. ಲಿನಕ್ಸ್ ಬಳಗದಲ್ಲಿ ಇದರ ಮೂಲಪಾಠ ಹೆಚ್ಚಾಗಿ ಎಲ್ಲರಿಗೂ ತೆರೆದಿರುತ್ತದೆ. ಆದರೆ ಸುತ್ತಲಿನ ವ್ಯಾಕರಣ ಬದಲಾದಾಗಲೆಲ್ಲ ಅದನ್ನೂ ತಿದ್ದಬೇಕು.

ಮೆಸಾ ಯೋಜನೆಯವರು 2021ರಲ್ಲಿ ಮೊದಮೊದಲಿನ ರೇಡಿಯಾನ್ ಕಾರ್ಡುಗಳ ಡ್ರೈವರುಗಳನ್ನು ಮುಖ್ಯಪಾಠದಿಂದ ತೆಗೆದು, ಆ್ಯಂಬರ್ ಎಂಬ ಶಾಖೆಯಲ್ಲಿ ಕಾಪಿಟ್ಟರು. 2023ರ ಲಿನಕ್ಸ್ 6.3 ವೂಡೂ, ಸ್ಯಾವೇಜ್ ಮೊದಲಾದವುಗಳ ಹಳೆಯ ಡ್ರೈವರುಗಳನ್ನು ಕೈಬಿಟ್ಟಿತು. ಅವುಗಳ ಪಾಠ ಹಿಂದಿನ ಆವೃತ್ತಿಗಳಲ್ಲಿ ಇಂದಿಗೂ ದೊರೆಯುತ್ತದೆ.

ಓಲೆಗರಿಯ ಕಾವ್ಯಗಳು ನಮಗೆ ದಕ್ಕಿದ್ದು ತಲೆಮಾರಿಗೊಮ್ಮೆ ಕುಳಿತು ಪ್ರತಿ ಮಾಡಿದವರಿಂದ. ಇಲ್ಲಿಯೂ ಅಂಥವರೇ ಬೇಕು. ಸಿ ಭಾಷೆ ಬಲ್ಲ ನಮ್ಮ ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈಹಾಕಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.