ಮುಳುಗುವ ಹಡಗಿಗೆ ಯಾವ ವಸ್ತು?

(ಬೆಳ್ಳೂರಿನ ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಬಾಳೆದಂಡು ನೀರಲ್ಲಿ ತೇಲುತ್ತದೆ. ಬಾಯಿ ಮುಚ್ಚಿದ ಖಾಲಿ ಕ್ಯಾನೂ ತೇಲುತ್ತದೆ. ಇದು ನಮ್ಮ ಮಕ್ಕಳಿಗೂ ಗೊತ್ತು. ಹಾಗಾದರೆ ಮನೆಯಲ್ಲೇ ಒಂದು ಸಬ್‌ಮರೀನ್ ಮಾಡಬಹುದೇ? ಸಬ್‌ಮರೀನ್ ಅಂದರೆ ಜಲಾಂತರ್ಗಾಮಿ. ಜಲ ಅಂದರೆ ನೀರು. ಅಂತರ್ಗಾಮಿ ಅಂದರೆ ಒಳಗೆ ಸಾಗುವಂಥದು.

ಮೊದಲು ತೇಲುವ ಲೆಕ್ಕ. 1 ಲೀಟರ್ ನೀರಿನ ತೂಕ 1 ಕಿಲೋ. 200 ಲೀಟರಿನ ಮುಚ್ಚಿದ ಡ್ರಮ್ಮನ್ನು ಪೂರ್ತಿ ಮುಳುಗಿಸಿದರೆ ನೀರು ಅದನ್ನು 200 ಕಿಲೋ ಬಲದಿಂದ ಮೇಲಕ್ಕೆ ಎತ್ತುತ್ತದೆ. ಡ್ರಮ್ಮಿನ ತೂಕ 10 ಕಿಲೋ ಎಂದಿಟ್ಟುಕೊಳ್ಳಿ. ಅದು ಮುಳುಗಲು ಇನ್ನೂ 190 ಕಿಲೋ ಭಾರ ಬೇಕು. ಜಲಾಂತರ್ಗಾಮಿ ತನ್ನ ತೊಟ್ಟಿಗೆ ನೀರು ತುಂಬಿಸಿ ಮುಳುಗುತ್ತದೆ. ಆ ನೀರನ್ನು ಹೊರಗೆ ತಳ್ಳಿ ಮೇಲೆ ಬರುತ್ತದೆ.

ಇನ್ನು ಗೋಡೆಯ ಲೆಕ್ಕ. 10 ಮೀಟರ್ ಆಳದಲ್ಲಿ ಅಂಗೈಯಷ್ಟು ಜಾಗದ ಮೇಲೆ ನೀರು ಸುಮಾರು 100 ಕಿಲೋ ಭಾರ ಹಾಕುತ್ತದೆ. ಅಂದರೆ ಎರಡು ಗೋಣಿ ಅಕ್ಕಿ! ತೆಳು ಡ್ರಮ್ಮು ಇದಕ್ಕೆ ನಜ್ಜಾದೀತು. ಚೆಂಡಿನಂಥ ಗೋಳವಾದರೆ ಭಾರ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗುತ್ತದೆ.

ತೇಲಿಸುವ ವಸ್ತುವೂ ಗಟ್ಟಿ ಇರಬೇಕು. ಥರ್ಮೋಕೋಲ್ ಮೇಲೆ ಚೆನ್ನಾಗಿ ತೇಲುತ್ತದೆ. ಆಳದಲ್ಲಿ ಅದು ಕುಗ್ಗುತ್ತದೆ. ಕುಗ್ಗಿದಷ್ಟೂ ಎತ್ತುವ ಬಲ ಕಡಿಮೆ. ಆಳ ಸಮುದ್ರಕ್ಕೆ ಹೋಗುವವರು ಸಣ್ಣ ಸಣ್ಣ ಗಾಜಿನ ಗುಳ್ಳೆಗಳನ್ನು ಅಂಟಿನಲ್ಲಿ ಕೂಡಿಸಿದ ಗಟ್ಟಿ ವಸ್ತು ಬಳಸುತ್ತಾರೆ.

ನಮ್ಮ ದೇಶದ ‘ಮತ್ಸ್ಯ 6000’ ನೋಡಿ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಅದನ್ನು ರೂಪಿಸಿದೆ. 6000 ಮೀಟರ್ ಆಳಕ್ಕೆ ಇಳಿಯುವುದು ಅದರ ಗುರಿ. ಮೂವರು ಕೂರುವ ಗೋಳಕ್ಕೆ 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಲೋಹದ ಗೋಡೆ.

ಆದರೆ ‘ಟೈಟನ್’ ಎಂಬ ವಾಹನದ ಕತೆ ಬೇರೆ. ಅದರ ಗೋಡೆ ಹಗುರವಾದ ಕಾರ್ಬನ್ ನಾರಿನದು. ಪದರ ಪದರವಾಗಿ ಸುತ್ತಿ ಮಾಡಿದ್ದು. 2023ರ ಜೂನ್ 18ರಂದು ಅದು ಅಟ್ಲಾಂಟಿಕ್ ಸಾಗರದಲ್ಲಿ ಒಳಕ್ಕೆ ಕುಸಿಯಿತು. ಐವರು ಸತ್ತರು. ಪದರಗಳು ಮೊದಲೇ ಬಿಟ್ಟುಕೊಂಡಿದ್ದವು ಎಂದು ತನಿಖೆ ಹೇಳಿತು.

ಮನೆಯಲ್ಲಿ ಮಾಡಬಹುದಾದ ಜಲಾಂತರ್ಗಾಮಿ ಒಂದಿದೆ. ಪೆನ್ನಿನ ಮುಚ್ಚಳ ತೆಗೆದುಕೊಳ್ಳಿ. ಅದರ ತುದಿಯ ತೂತನ್ನು ಮೇಣದಿಂದ ಮುಚ್ಚಿ. ಬಾಯಿಯ ಬದಿಗೆ ಸ್ವಲ್ಪ ಮೇಣ ಅಂಟಿಸಿ, ಒಂದು ಸಣ್ಣ ಮೊಳೆ ಸಿಕ್ಕಿಸಿ. ಬಾಯಿ ಕೆಳಗಾಗಿ, ತುದಿ ಮಾತ್ರ ಕಾಣುವಂತೆ ತೇಲಬೇಕು. ನೀರು ತುಂಬಿದ ಬಾಟಲಿಗೆ ಅದನ್ನು ಹಾಕಿ, ಬಿರಡೆ ಬಿಗಿ ಮಾಡಿ. ಬಾಟಲಿ ಅದುಮಿದರೆ ಮುಚ್ಚಳ ಮುಳುಗುತ್ತದೆ. ಬಿಟ್ಟರೆ ಮೇಲೇಳುತ್ತದೆ. ಒಳಗಿನ ಗಾಳಿ ಕುಗ್ಗುವುದನ್ನು ಕಣ್ಣಾರೆ ನೋಡಬಹುದು.

ಮಕ್ಕಳಿಗೆ ಇದನ್ನು ತೋರಿಸಿ. ಡ್ರಮ್ಮಿನೊಳಗೆ ಕೂತು ಕೆರೆಗೋ ಬಾವಿಗೋ ಇಳಿಯಲು ಮಾತ್ರ ಯಾರನ್ನೂ ಬಿಡಬೇಡಿ. ಡ್ರಮ್ಮು ನಜ್ಜಾಗದಿದ್ದರೂ ಒಳಗಿನ ಗಾಳಿ ಬೇಗ ಕೆಡುತ್ತದೆ. ತೇಲಿದ್ದೆಲ್ಲ ಕಾಪಾಡುವುದಿಲ್ಲ.