ಮೋಟಾರು ಸಣ್ಣದು, ಬೈದದ್ದು ಪೈಪಿಗೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



"ಬೆಂಗಳೂರಲ್ಲಿ ಏನಪ್ಪಾ ನಿನ್ನ ಕೆಲಸ?" ಎಂದು ಬಂದಾಗಲೆಲ್ಲ ಕೇಳುತ್ತೀರಿ. "ಕಂಪ್ಯೂಟರ್ ಕೆಲಸ" ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಇವತ್ತು ಮೈಕ್ ಕೈಗೆ ಸಿಕ್ಕಿದೆ, ಹೇಳಿಬಿಡುತ್ತೇನೆ.

ಹೊಸ ಪೈಪ್‌ಲೈನ್ ಹಾಕಿದ ಮೇಲೆ ನೀರು ಬಿಟ್ಟು ನೋಡುತ್ತೇವಲ್ಲ, ನನ್ನದು ಅದೇ ಕೆಲಸ. ನೀರಿನ ಬದಲು ಡೇಟಾ. ಎರಡು ಕಂಪ್ಯೂಟರ್‌ಗಳ ನಡುವೆ ಬೇಕೆಂದೇ ರಾಶಿ ಡೇಟಾ ಹರಿಸಿ, ನಡುವಿನ ಉಪಕರಣ ಎಷ್ಟು ತಾಳುತ್ತದೆ ಎಂದು ಅಳೆಯುವುದು. ಅದಕ್ಕೆ ಐಪರ್ಫ್3 ಎಂಬ ಉಚಿತ ತಂತ್ರಾಂಶವಿದೆ. ಅಮೆರಿಕದ ಇಎಸ್‌ನೆಟ್‌ನವರು ಬರೆದದ್ದು.

ಕೆಲವು ವರ್ಷಗಳ ಹಿಂದೆ 40 ಗಿಗಾಬಿಟ್‌ನ ಉಪಕರಣವೊಂದು ಪರೀಕ್ಷೆಗೆ ಬಂತು. ಎಷ್ಟು ಸಲ ಓಡಿಸಿದರೂ 20ರ ಆಸುಪಾಸು. ಒಂದರ ಬದಲು ಎಂಟು ಧಾರೆ ಬಿಟ್ಟೆ, ಆಗಲೂ ಅಷ್ಟೇ. ಉಪಕರಣದಲ್ಲೇ ದೋಷ ಎಂದು ಮೇಲಿನವರಿಗೆಲ್ಲ ಮೇಲ್ ಕಳಿಸಿದೆ. ಅದನ್ನು ತಯಾರಿಸಿದ ತಂಡದ ಹುಡುಗಿಯೊಬ್ಬಳು ಎರಡು ರಾತ್ರಿ ಆಫೀಸಿನಲ್ಲೇ ಉಳಿದು ತನ್ನ ತಪ್ಪು ಹುಡುಕಿದಳು. ಮೂರನೆಯ ದಿನ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು, "ಸರ್, ನಿಮ್ಮ ಮಷೀನ್‌ನಲ್ಲಿ ಯಾವ ಕೋರ್ ಎಷ್ಟು ದುಡೀತಿದೆ, ಒಂದ್ಸಲ ನೋಡೋಣ್ವಾ?" ಎಂದಳು.

ನೋಡಿದೆವು. 16 ಕೋರ್‌ಗಳಲ್ಲಿ ಒಂದು ಮಾತ್ರ ನೂರಕ್ಕೆ ನೂರು ದುಡಿದು ಏದುಸಿರು ಬಿಡುತ್ತಿತ್ತು. ಉಳಿದವು ಹೆಚ್ಚುಕಡಿಮೆ ಖಾಲಿ ಕೂತಿದ್ದವು. ಆಗಿನ ಐಪರ್ಫ್3 ಎಷ್ಟು ಧಾರೆ ಬಿಟ್ಟರೂ ಎಲ್ಲವನ್ನೂ ಒಂದೇ ಕೋರ್‌ನಲ್ಲಿ ನಡೆಸುತ್ತಿತ್ತು. ಸಣ್ಣ ಮೋಟಾರಿಗೆ ಎಂಟು ಕವಲು ಜೋಡಿಸಿ, ನೀರು ಕಡಿಮೆ ಬಂತೆಂದು ಪೈಪಿಗೆ ಬೈದಿದ್ದೆ ನಾನು.

ಅದೇ ಯಂತ್ರದಲ್ಲಿ ನಾಲ್ಕು ಐಪರ್ಫ್3 ಓಡಿಸಿದೆವು. ಅದರ ಒಂದು ಸರ್ವರ್ ಒಂದು ಹೊತ್ತಿಗೆ ಒಂದೇ ಪರೀಕ್ಷೆ ನಡೆಸುತ್ತದೆ. ಹಾಗಾಗಿ ನಾಲ್ಕಕ್ಕೂ ಬೇರೆ ಬೇರೆ ಬಾಗಿಲು: ಪೋರ್ಟ್ 5201ರಿಂದ 5204. ಪ್ರತಿಯೊಂದಕ್ಕೂ ಅದರದೇ ಕೋರ್. ಎಲ್ಲವೂ ಒಟ್ಟಿಗೇ ಓಡಬೇಕು. ಒಂದು ಮುಗಿದ ಮೇಲೆ ಇನ್ನೊಂದು ಓಡಿಸಿ ಕೂಡಿದರೆ ಆ ಮೊತ್ತ ಸುಳ್ಳು. ಕೂಡಿದಾಗ 37 ದಾಟಿತು. ಉಳಿದದ್ದು ಲಕೋಟೆ, ವಿಳಾಸಗಳ ಖರ್ಚು ಎಂದುಕೊಳ್ಳಿ. ಉಪಕರಣ ಸರಿಯಾಗೇ ಇತ್ತು.

ಅದೇ ಮೇಲಿನವರಿಗೆಲ್ಲ ಇನ್ನೊಂದು ಮೇಲ್ ಬರೆದೆ, ತಪ್ಪು ನನ್ನದು ಎಂದು. ಮೊದಲನೆಯದಕ್ಕಿಂತ ಇದಕ್ಕೆ ಹೆಚ್ಚು ಹೊತ್ತು ಹಿಡಿಯಿತು.

2023ರ ಕೊನೆಗೆ ಬಂದ 3.16ನೆಯ ಆವೃತ್ತಿ ಒಂದೊಂದು ಧಾರೆಗೂ ಪ್ರತ್ಯೇಕ ಥ್ರೆಡ್ ಕೊಡುತ್ತದೆ, ಈಗ ಆ ತಾಪತ್ರಯ ಬಹುಪಾಲು ಇಲ್ಲ. ಆದರೆ ಈ ಶಾಲೆಯ ಪ್ರಯೋಗಾಲಯದಲ್ಲಿ ಸ್ಪ್ರಿಂಗ್ ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡದೆ ತೂಗಿ, ವಿಜ್ಞಾನ ಮೇಷ್ಟ್ರ ಕೈಲಿ ಎರಡು ಅಂಕ ಕಳೆದುಕೊಂಡವನು ನಾನೇ. ಅವರು ಮುಂದಿನ ಸಾಲಿನಲ್ಲೇ ಕೂತು ನಗುತ್ತಿದ್ದಾರೆ.

ನಾಳೆ ಹತ್ತನೇ ತರಗತಿಯ ಮಕ್ಕಳಿಗೆ ಎರಡು ಕಂಪ್ಯೂಟರ್‌ಗಳ ನಡುವೆ ತಂತಿ ಎಳೆದು ಇದನ್ನೆಲ್ಲ ಮಾಡಿ ತೋರಿಸುತ್ತೇನೆ. ಕರೆಂಟ್ ಇದ್ದರೆ.